ಅನುಮತಿ ಚೀಟಿ ಇಲ್ಲದೆ ಇಳಿಯಬಾರದ ಊರು

ಹವಾಯಿಯ ದ್ವೀಪಗಳಲ್ಲಿ ಮೊಲೊಕಾಯಿ ಎನ್ನುವುದೊಂದು. ಅದರ ಉತ್ತರದ ಅಂಚು ಇಳಿಜಾರಾಗಿ ಕಡಲಿಗೆ ಸೇರುವುದಿಲ್ಲ. ಕೊಡಲಿಯಲ್ಲಿ ಕಡಿದ ಹಾಗೆ ನೆಟ್ಟಗೆ ಬೀಳುತ್ತದೆ. ಕೆಲವು ಕಡೆ ಈ ಕಡಲ ಬಂಡೆಗೋಡೆ ಸಾವಿರ ಮೀಟರಿನಷ್ಟು ಎತ್ತರವಿದೆ. ಆ ಗೋಡೆಯ ಬುಡದಿಂದ ಸಮುದ್ರದೊಳಕ್ಕೆ ಚಾಚಿಕೊಂಡ ಒಂದು ತುಂಡು ಸಪಾಟು ನೆಲವೇ ಕಲೌಪಾಪಾ. ಅಲ್ಲಿನ ಭಾಷೆಯಲ್ಲಿ ಆ ಹೆಸರಿನ ಅರ್ಥವೂ ಸಪಾಟು ಬಯಲು ಎಂದೇ. ಮೂರು ಕಡೆ ಕಡಲು, ಒಂದು ಕಡೆ ಸುಮಾರು ಐನೂರು ಮೀಟರ್ ಬಂಡೆ. ಇವತ್ತಿಗೂ ಅಲ್ಲಿಗೆ ಮೋಟಾರು ರಸ್ತೆ ಇಲ್ಲ. ಇರುವುದು 26 ತಿರುವುಗಳ ಒಂದು ಕಾಲುದಾರಿ, ಸಣ್ಣ ವಿಮಾನ ಇಳಿಯುವ ಪಟ್ಟಿ, ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಭಾರದ ಸಾಮಾನು ಹೊತ್ತು ಬರುವ ದೋಣಿ.

ಈ ನೆಲವನ್ನು ಆರಿಸಿದ್ದು ನಿಸರ್ಗದ ಚೆಲುವಿಗಲ್ಲ. ಇಲ್ಲಿಂದ ಯಾರೂ ಓಡಿಹೋಗಲಾರರು ಎಂಬ ಕಾರಣಕ್ಕೆ.

1865ರಲ್ಲಿ ಹವಾಯಿಯ ರಾಜ ಐದನೇ ಕಮೆಹಮೆಹಾ ಕುಷ್ಠರೋಗ ಹರಡದಂತೆ ತಡೆಯುವ ಕಾಯಿದೆಗೆ ಸಹಿ ಹಾಕಿದ. ರೋಗದ ಅನುಮಾನ ಇದ್ದವರನ್ನು ಪೊಲೀಸರು ಹಿಡಿದು ತರಬಹುದು, ವೈದ್ಯರು ಪರೀಕ್ಷಿಸಿ ಹೌದೆಂದರೆ ಜೀವನಪೂರ್ತಿ ಬೇರೆ ಇಡಬಹುದು ಎಂಬುದು ಅದರ ಸಾರ. 1866ರ ಜನವರಿ 6ರಂದು ಮೊದಲ ತಂಡವನ್ನು ದ್ವೀಪದ ಈ ಮೂಲೆಯಲ್ಲಿ ಇಳಿಸಿದರು. ಒಂಬತ್ತು ಗಂಡಸರು, ಮೂವರು ಹೆಂಗಸರು. ಅಲ್ಲಿಂದ 1969ರಲ್ಲಿ ಪ್ರತ್ಯೇಕವಾಸದ ಕಾನೂನು ರದ್ದಾಗುವವರೆಗೆ ನೂರಮೂರು ವರ್ಷಗಳಲ್ಲಿ ಸುಮಾರು 8,000 ಜನರನ್ನು ಇಲ್ಲಿಗೆ ಸಾಗಿಸಲಾಯಿತು. ಅವರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಹವಾಯಿಯ ಮೂಲನಿವಾಸಿಗಳು.

ಆ ಕಾಯಿದೆಯ ಹಿಂದಿದ್ದ ಭಯವನ್ನೂ ತಿಳಿದುಕೊಳ್ಳಬೇಕು. 1778ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗುಗಳು ಬಂದ ಮೇಲೆ ಹವಾಯಿಯ ಜನ ಸಿಡುಬು, ದಡಾರ, ಜ್ವರ, ಗುಹ್ಯರೋಗ ಅಂತ ಸಾಲುಸಾಲಾಗಿ ಸತ್ತರು. ಲಕ್ಷಗಳಲ್ಲಿದ್ದ ಮೂಲನಿವಾಸಿಗಳ ಸಂಖ್ಯೆ 1870ರ ದಶಕದ ಹೊತ್ತಿಗೆ ಐವತ್ತು ಸಾವಿರದ ಆಸುಪಾಸಿಗೆ ಇಳಿದಿತ್ತು. ತನ್ನ ಜನಾಂಗವೇ ಅಳಿಯುತ್ತಿದೆ ಎಂದು ಕಂಡ ರಾಜನಿಗೆ ವಿದೇಶಿ ಸಲಹೆಗಾರರು ಕೊಟ್ಟ ಮದ್ದು ಇದು. ಆಗ ರೋಗಕ್ಕೆ ಕಾರಣವೇ ಗೊತ್ತಿರಲಿಲ್ಲ. ನಾರ್ವೆಯ ಹ್ಯಾನ್ಸನ್ ರೋಗಾಣುವನ್ನು ಗುರುತಿಸಿದ್ದು 1873ರಲ್ಲಿ. ಆದರೆ ಹವಾಯಿಯ ಜನ ರೋಗಕ್ಕೆ ಇಟ್ಟ ಹೆಸರು ರೋಗಾಣುವಿನದ್ದಲ್ಲ, ಚರ್ಮದ ಮೇಲಿನ ಮಚ್ಚೆಯದ್ದೂ ಅಲ್ಲ. ಅವರು ಅದನ್ನು ಬೇರ್ಪಡಿಸುವ ಕಾಯಿಲೆ ಎಂದು ಕರೆದರು. ಒಂದು ಕಾನೂನಿನ ಬಗ್ಗೆ ಇಷ್ಟು ಚಿಕ್ಕದಾಗಿ, ಇಷ್ಟು ಖಚಿತವಾಗಿ ಬರೆದ ವರದಿಯನ್ನು ನಾವು ಬೇರೆಲ್ಲೂ ಕಂಡಿಲ್ಲ.

ಇನ್ನೊಂದು ಸಂಗತಿ ಹೆಚ್ಚಿನ ಬರಹಗಳಲ್ಲಿ ಬಿಟ್ಟೇ ಹೋಗುತ್ತದೆ. ಆ ನೆಲ ಖಾಲಿ ಇರಲಿಲ್ಲ. ಶತಮಾನಗಳಿಂದ ಅಲ್ಲಿ ಗೆಡ್ಡೆ ಬೆಳೆದು, ಮೀನು ಹಿಡಿದು ಬದುಕುತ್ತಿದ್ದ ಹಳ್ಳಿಗಳಿದ್ದವು. ಪೂರ್ವ ಬದಿಯ ಕಲವಾವೊದವರನ್ನು ಮೊದಲಿಗೆ ಎಬ್ಬಿಸಿದರು. ಪಶ್ಚಿಮ ಬದಿಯ ಕಲೌಪಾಪಾದಲ್ಲಿ ಉಳಿದುಕೊಂಡಿದ್ದ ಮನೆಗಳವರನ್ನು 1895ರ ಹೊತ್ತಿಗೆ ಪೂರ್ತಿ ಒಕ್ಕಲೆಬ್ಬಿಸಿದರು. ಕಾಯಿಲೆಯವರನ್ನು ತಂದು ಹಾಕುವುದಕ್ಕಾಗಿ ಆರೋಗ್ಯವಂತರನ್ನು ಊರು ಬಿಡಿಸಿದ್ದು. ನೀರಾವರಿ ಯೋಜನೆಗಳ ಮುಳುಗಡೆ ಊರುಗಳಲ್ಲಿ ಓಡಾಡಿ ಬರೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರ್ಕಾರದ ಮೊದಲ ಲೆಕ್ಕಾಚಾರ ಹೀಗಿತ್ತು: ಹಳಬರು ಬಿಟ್ಟುಹೋದ ಮನೆಗಳಿವೆ, ಗದ್ದೆಗಳಿವೆ, ಬಂದವರು ದುಡಿದು ಉಣ್ಣಲಿ. ಕೈಕಾಲಿನ ಸ್ಪರ್ಶಜ್ಞಾನವೇ ಹೋದವರು, ಸಂಸಾರ ಬಿಟ್ಟು ಬಂದವರು, ಗಾಳಿಮಳೆಯ ಬದಿಯಲ್ಲಿ ಗದ್ದೆ ಮಾಡಿಕೊಂಡು ಬದುಕಬೇಕು! ಲೆಕ್ಕ ಬೇಗನೇ ತಪ್ಪಿತು. ಊಟ, ಬಟ್ಟೆ, ಸೂರು, ಔಷಧಿ ಯಾವುದೂ ಸಾಲಲಿಲ್ಲ. ಆ ವರ್ಷಗಳ ಬಗ್ಗೆ ನಮಗೆ ಸಿಗುವ ಒಳ್ಳೆಯ ಸಾಕ್ಷಿಗಳಲ್ಲಿ ಒಂದು ಪೀಟರ್ ಕಾಯೆಯೊ ಬರೆದ ಕಾಗದಗಳು. ಈತ ರಾಣಿ ಎಮ್ಮಾಳ ಸಂಬಂಧಿ, ರಾಜ್ಯದ ಶಾಸನಸಭೆಯ ಮೇಲ್ಮನೆಯಲ್ಲಿ ಕೂತಿದ್ದವನು. 1873ರಲ್ಲಿ ಇವನನ್ನೂ ಇಲ್ಲಿಗೆ ಕಳಿಸಿದರು. ಮೂರು ವರ್ಷ ರಾಣಿಗೆ ಕಾಗದ ಬರೆಯುತ್ತಲೇ ಇದ್ದ. ರಾಜಮನೆತನದ ನಂಟಿದ್ದವನಿಗೆ ಸ್ವಂತ ಮನೆ, ಆಳು, ರಾಣಿ ಕಳಿಸುವ ಸಾಮಾನು ಇತ್ತು. ಅದ್ಯಾವುದೂ ಇಲ್ಲದವರ ದಿನಗಳು ಹೇಗಿದ್ದವು ಎಂಬುದು ಆ ಕಾಗದಗಳ ಅಂಚಿನಲ್ಲಿ ಕಾಣುತ್ತದೆ.

ಹಾಗಂತ ಆ ಜನ ಬರೀ ನರಳುತ್ತ ಕೂತಿರಲಿಲ್ಲ. ಮೊದಲ ತಂಡ ಇಳಿದ ವರ್ಷವೇ, 1866ರ ಡಿಸೆಂಬರಿನಲ್ಲಿ, ಹನ್ನೆರಡು ಹೆಂಗಸರು, ಇಪ್ಪತ್ಮೂರು ಗಂಡಸರು ಸೇರಿ ಸಿಲೋಯಾಮ ಎಂಬ ಹೆಸರಿನಲ್ಲಿ ತಮ್ಮದೇ ಒಂದು ಚರ್ಚ್ ಸಭೆ ಕಟ್ಟಿಕೊಂಡರು. ಯಾವ ಪಾದ್ರಿಯೂ ಅಲ್ಲಿ ನೆಲೆಸಿರಲಿಲ್ಲ. ಜೊತೆಗೆ ಕೊಕುವಾಗಳಿದ್ದರು. ಕೊಕುವಾ ಎಂದರೆ ನೆರವಾಗುವವರು. ಗಂಡನಿಗೆ ರೋಗ ಬಂದರೆ ಹೆಂಡತಿ, ಮಗಳಿಗೆ ಬಂದರೆ ತಾಯಿ, ಆರೋಗ್ಯವಾಗಿದ್ದೂ ಅದೇ ಹಡಗು ಹತ್ತಿ ಬಂದವರು. ಮಾರ್ಮನ್ ಪಂಥದ ಮುಖಂಡ ಜೊನಾಥನ್ ನಪೇಲಾ ತನ್ನ ಹೆಂಡತಿ ಕಿಟ್ಟಿಯ ಜೊತೆ 1873ರಲ್ಲಿ ಹೀಗೆಯೇ ಬಂದ, ಆಮೇಲೆ ಅವನಿಗೂ ರೋಗ ತಗುಲಿತು, ಅಲ್ಲೇ ಸತ್ತ.

ಅದೇ 1873ರ ಮೇ 10ರಂದು ಬೆಲ್ಜಿಯಂನ ಪಾದ್ರಿ ಡೇಮಿಯನ್ ಬಂದದ್ದು. ಇವರ ಕಥೆ ಲೋಕಕ್ಕೆಲ್ಲ ಗೊತ್ತು, ಹಾಗಾಗಿ ಹೆಚ್ಚು ಹೇಳುವುದಿಲ್ಲ. ಮನೆ ಕಟ್ಟಿದರು, ನೀರಿನ ಕೊಳವೆ ಹಾಕಿಸಿದರು, ಶವಪೆಟ್ಟಿಗೆ ಮಾಡಿದರು, ಹುಣ್ಣು ತೊಳೆದರು. ಕೊನೆಗೆ ಅದೇ ರೋಗದಿಂದ 1889ರ ಏಪ್ರಿಲ್ 15ರಂದು ತೀರಿಕೊಂಡರು. 1936ರಲ್ಲಿ ಅವರ ದೇಹವನ್ನು ಸಮಾಧಿಯಿಂದ ತೆಗೆದು ಬೆಲ್ಜಿಯಂಗೆ ಒಯ್ದರು. ಊರಿನವರಿಗೆ ಅದು ಬೇಡವಾಗಿತ್ತು. 1995ರಲ್ಲಿ ಬಲಗೈಯ ಅಸ್ಥಿಯನ್ನು ಮಾತ್ರ ಹಿಂದಿರುಗಿಸಿ, ಕಲವಾವೊದ ಹಳೆಯ ಸಮಾಧಿಯಲ್ಲೇ ಹೂಳಲಾಯಿತು. 2009ರಲ್ಲಿ ಅವರು ಸಂತರೆನಿಸಿದರು. 1888ರಲ್ಲಿ ಬಂದು ಮೂವತ್ತು ವರ್ಷ ಹೆಣ್ಣುಮಕ್ಕಳನ್ನು ನೋಡಿಕೊಂಡ ಮದರ್ ಮೇರಿಯಾನ್ ಕೋಪ್ 2012ರಲ್ಲಿ ಸಂತರಾದರು. ಇಬ್ಬರ ಬಗ್ಗೆಯೂ ನಮಗೆ ಗೌರವವಿದೆ. ಆದರೆ ಎಂಟು ಸಾವಿರ ಜನರ ಊರಿನ ಚರಿತ್ರೆ ಅಂತ ಹುಡುಕಿದರೆ ಹತ್ತಕ್ಕೆ ಎಂಟು ಬರಹ ಈ ಇಬ್ಬರಲ್ಲೇ ಮುಗಿಯುತ್ತವೆ. ಬಂದು ಸೇವೆ ಮಾಡಿದವರಿಗೆ ಮುಖವಿದೆ, ಮಾಡಿಸಿಕೊಂಡವರು ಹಿನ್ನೆಲೆಯ ಗುಂಪು. ನಮ್ಮ ಪತ್ರಿಕೆಗಳ ಹಣ್ಣು ಹಂಪಲು ವಿತರಣೆಯ ಫೋಟೊಗಳಲ್ಲೂ ಗಣ್ಯರ ಹೆಸರು ಎಡದಿಂದ ಬಲಕ್ಕೆ ಪೂರ್ತಿ ಇರುತ್ತದೆ, ಹಣ್ಣು ಹಿಡಿದವರದ್ದು ಇರುವುದಿಲ್ಲ.

ಆ ಗುಂಪಿನಲ್ಲಿ ಯಾರಿದ್ದರು, ಏನು ಮಾಡಿದರು ಎಂದು ನೋಡಿದರೆ ಬೇರೆಯದೇ ಚರಿತ್ರೆ ಎದುರಾಗುತ್ತದೆ. ಕವಾಯಿ ದ್ವೀಪದ ಕೊವೊಲಾವ್ ಎಂಬ ದನಗಾಹಿ, ಹೆಂಡತಿ ಮಗನಿಂದ ಬೇರೆಯಾಗಿ ಹೋಗಲಾರೆ ಎಂದು 1893ರಲ್ಲಿ ಕಲಲಾವ್ ಕಣಿವೆ ಸೇರಿಕೊಂಡ. ಹಿಡಿಯಲು ಬಂದ ಅಧಿಕಾರಿ ಗುಂಡಿಗೆ ಬಲಿಯಾದ. ಸರ್ಕಾರ ಫಿರಂಗಿ ಸಮೇತ ಸೈನಿಕರನ್ನು ಕಳಿಸಿತು. ಸಿಗಲಿಲ್ಲ. ಮಗ ಸತ್ತ, ಆಮೇಲೆ ತಂದೆ ಸತ್ತ. ಇಬ್ಬರನ್ನೂ ಹೂತು ಒಬ್ಬಳೇ ಊರಿಗೆ ಮರಳಿದ ಹೆಂಡತಿ ಪಿಯಿಲಾನಿ ಹೇಳಿದ ಕಥೆ ಹವಾಯಿ ಭಾಷೆಯಲ್ಲೇ 1906ರಲ್ಲಿ ಪುಸ್ತಕವಾಯಿತು.

1893ರಲ್ಲಿ ಹವಾಯಿಯ ರಾಣಿಯನ್ನು ಪದಚ್ಯುತಗೊಳಿಸಿದ ಮೇಲೆ, ದ್ವೀಪಗಳನ್ನು ಅಮೆರಿಕಕ್ಕೆ ಸೇರಿಸಬಾರದೆಂದು 1897ರಲ್ಲಿ ನಡೆದ ಸಹಿ ಸಂಗ್ರಹದಲ್ಲಿ ಈ ಗಡೀಪಾರಿನ ಊರಿನಿಂದಲೂ ನೂರಾರು ಜನ ಸಹಿ ಹಾಕಿದ್ದಾರೆ. ತಮ್ಮನ್ನು ಹೊರಗೆ ಹಾಕಿದ ದೇಶದ ಸ್ವಾತಂತ್ರ್ಯಕ್ಕಾಗಿ! ಅಮೆರಿಕಕ್ಕೆ ಸೇರಿದ ಮೇಲೆ ಬಂದ ಸರ್ಕಾರ 1909ರಲ್ಲಿ ಕಲವಾವೊದಲ್ಲಿ ದೊಡ್ಡ ಸಂಶೋಧನಾ ಆಸ್ಪತ್ರೆ ತೆರೆಯಿತು. ಸುತ್ತ ಬೇಲಿ, ಕಟ್ಟುನಿಟ್ಟಿನ ನಿಯಮ. ಒಳಗೆ ಬಂದವರು ಒಟ್ಟು ಒಂಬತ್ತು ರೋಗಿಗಳು, ಅವರೂ ಉಳಿಯಲಿಲ್ಲ. 1913ರಲ್ಲಿ ಬಾಗಿಲು ಹಾಕಿದರು. ರೋಗಿಗಳಿಗೆ ವಿಜ್ಞಾನದ ಬೆಲೆ ತಿಳಿಯಲಿಲ್ಲ ಎಂದು ಬರೆಯುವುದು ಸುಲಭ. ಆದರೆ ಅವರ ನೆನಪಿನಲ್ಲಿ ಕೆಯಾನು ಇದ್ದ. ಕೊಲೆ ಆರೋಪದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಕೆಯಾನು ಎಂಬ ಕೈದಿಯ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿ, ಅದಕ್ಕೆ ಬದಲಾಗಿ 1884ರಲ್ಲಿ ಒಬ್ಬ ಜರ್ಮನ್ ವೈದ್ಯ ಅವನ ಮೈಗೆ ಕುಷ್ಠ ಸೇರಿಸಿ ಪ್ರಯೋಗ ಮಾಡಿದ್ದ. ಕೆಯಾನು ಕೊನೆಗೆ ರೋಗಿಯಾಗಿ ಇಲ್ಲಿಗೇ ಬಂದು ಸತ್ತ.

ಇಪ್ಪತ್ತನೇ ಶತಮಾನದ ಹೊತ್ತಿಗೆ ಊರು ಗಾಳಿಮಳೆಯ ಕಲವಾವೊದಿಂದ ಒಣಹವೆಯ ಕಲೌಪಾಪಾ ಬದಿಗೆ ಸರಿದಿತ್ತು. ಬ್ಯಾಂಡ್ ಸೆಟ್ಟು, ಬೇಸ್‌ಬಾಲ್ ತಂಡ, ಕುದುರೆ ಪಂದ್ಯ, ಸಿನಿಮಾ ತೋರಿಸುವ ಪಾಸ್ಕೋಲ್ ಹಾಲ್, ಅಂಗಡಿ, ಅಂಚೆ ಕಚೇರಿ. ಮದುವೆಗಳೂ ಆಗುತ್ತಿದ್ದವು. ಆದರೆ ಮಗು ಹುಟ್ಟಿದರೆ ತಾಯಿಯ ಕೈಗೆ ಕೊಡುತ್ತಿರಲಿಲ್ಲ. ಹುಟ್ಟಿದ ಕೂಡಲೇ ಬೇರೆ ಕೋಣೆಗೆ ಒಯ್ಯುತ್ತಿದ್ದರು, ತಾಯ್ತಂದೆ ಗಾಜಿನಾಚೆಯಿಂದ ನೋಡಬೇಕು. ಸ್ವಲ್ಪ ಬೆಳೆದ ಮೇಲೆ ಬಂಡೆಯ ಮೇಲಿನ ಲೋಕದ ನೆಂಟರಿಗೋ ಅನಾಥಾಲಯಕ್ಕೋ ಕಳಿಸಿಬಿಡುತ್ತಿದ್ದರು. ಎಷ್ಟೋ ಮಕ್ಕಳಿಗೆ ತಮ್ಮ ಹೆತ್ತವರು ಯಾರೆಂದೇ ಹೇಳಲಿಲ್ಲ. ನೋಡಲು ಬಂದ ಬಂಧುಗಳಿಗೆ ತಂತಿ ಬಲೆ ಅಡ್ಡ ಹಾಕಿದ ಕೋಣೆ. ಊರಿನಿಂದ ಹೊರಡುವ ಕಾಗದಗಳಿಗೆ ಹೊಗೆ ಹಾಕಿ ಕಳಿಸುತ್ತಿದ್ದರು.

ಸಲ್ಫೋನ್ ಔಷಧಿಗಳು ಕಲೌಪಾಪಾ ತಲುಪಿದ್ದು 1946ರಲ್ಲಿ. ರೋಗ ಹಿಡಿತಕ್ಕೆ ಬಂತು, ಹರಡುವುದು ನಿಂತಿತು. ಆದರೂ ಕಾನೂನು ಮತ್ತೆ ಇಪ್ಪತ್ಮೂರು ವರ್ಷ ಬದುಕಿತು. 1969ರಲ್ಲಿ ನೀವೀಗ ಎಲ್ಲಿ ಬೇಕಾದರೂ ಹೋಗಬಹುದು ಅಂದಾಗ, ಹೆಚ್ಚಿನವರು ಹೋಗಲಿಲ್ಲ. ಇದು ಓದುಗರಿಗೆ ವಿಚಿತ್ರ ಅನಿಸಬಹುದು. ಏಳೆಂಟು ವರ್ಷಕ್ಕೆ ಬಂದು ಐವತ್ತಾದವರಿಗೆ ಹೊರಗೆ ಯಾರಿದ್ದಾರೆ? ತಾಯ್ತಂದೆ ಸತ್ತಿದ್ದಾರೆ, ಒಡಹುಟ್ಟಿದವರು ಹೆಸರು ಬದಲಿಸಿಕೊಂಡಿದ್ದಾರೆ, ಗೆಳೆಯರು ಗಂಡ ಹೆಂಡತಿ ಎಲ್ಲ ಇದೇ ಮಣ್ಣಿನಲ್ಲಿದ್ದಾರೆ. ಸೆರೆಮನೆ ಅಷ್ಟೊತ್ತಿಗೆ ಊರಾಗಿಬಿಟ್ಟಿತ್ತು. ಬದುಕಿರುವವರೆಗೂ ಇಲ್ಲೇ ಇರಲು ಬಿಡಿ ಎಂದು ಅವರು ಕೇಳಿದರು, ಸರ್ಕಾರ ಒಪ್ಪಿತು. 1980ರ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತು ಇದನ್ನು ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಎಂದು ಘೋಷಿಸುವಾಗ, ಅಲ್ಲಿ ನೆಲೆಸಿರುವವರ ಬದುಕು ಮತ್ತು ಖಾಸಗಿತನ ಕಾಯುವುದನ್ನೂ ಕಾನೂನಿನಲ್ಲೇ ಬರೆಯಿತು.

ಹೊರಗಿನವರು ಅಲ್ಲಿಗೆ ಹೋಗುವ ನಿಯಮಗಳು ಬಂದದ್ದು ಈ ಹಿನ್ನೆಲೆಯಿಂದ. ಮೊದಲೇ ಅನುಮತಿ ಪಡೆಯಬೇಕು. ದಿನಕ್ಕೆ ನೂರು ಜನಕ್ಕಿಂತ ಹೆಚ್ಚಿಲ್ಲ. ಹದಿನಾರು ವರ್ಷದೊಳಗಿನವರಿಗೆ ಪ್ರವೇಶವಿಲ್ಲ. ಊರೊಳಗೆ ಒಬ್ಬೊಬ್ಬರೇ ಸುತ್ತುವಂತಿಲ್ಲ, ಮಾರ್ಗದರ್ಶಿಯ ಜೊತೆಗೇ ಇರಬೇಕು. ನಿವಾಸಿಗಳ ಅತಿಥಿಯಲ್ಲದವರು ರಾತ್ರಿ ಉಳಿಯುವಂತಿಲ್ಲ. ನಿವಾಸಿಗಳ ಫೋಟೊವನ್ನು ಅವರ ಲಿಖಿತ ಒಪ್ಪಿಗೆ ಇಲ್ಲದೆ ತೆಗೆಯುವಂತಿಲ್ಲ. ಬಹುಕಾಲ ಈ ಪ್ರವಾಸಗಳನ್ನು ನಡೆಸಿದ್ದು ಅಲ್ಲಿಯ ನಿವಾಸಿಯೇ ಆದ ರಿಚರ್ಡ್ ಮಾರ್ಕ್ಸ್. ಹಳೆಯ ಬಸ್ಸೊಂದರಲ್ಲಿ ಜನರನ್ನು ಕೂರಿಸಿಕೊಂಡು ತಮ್ಮ ಊರಿನ ಕಥೆಯನ್ನು ತಾವೇ ಹೇಳುತ್ತಿದ್ದರು. ಕಥೆ ಅವರದ್ದು, ಕೇಳುವವರು ನಾವು ಎಂಬುದು ಅಲ್ಲಿ ಮೊದಲೇ ಇತ್ಯರ್ಥವಾಗಿರುತ್ತಿತ್ತು. 2018ರ ಕೊನೆಗೆ ಭೂಕುಸಿತದಿಂದ ಕಾಲುದಾರಿ ಮುಚ್ಚಿತು. 2020ರಲ್ಲಿ ಕೋವಿಡ್ ಬಂದಾಗ, ವಯಸ್ಸಾದ ನಿವಾಸಿಗಳನ್ನು ಕಾಪಾಡಲು ಪ್ರವಾಸವನ್ನೇ ನಿಲ್ಲಿಸಿ, ಕೆಲವು ವರ್ಷ ಯಾರನ್ನೂ ಬಿಡಲಿಲ್ಲ. ಸೋಂಕಿನ ಭಯದಿಂದ ಲೋಕ ಯಾರನ್ನು ಹೊರಗೆ ಹಾಕಿತ್ತೋ, ಅವರ ಊರೇ ಸೋಂಕಿನ ಭಯದಿಂದ ಲೋಕವನ್ನು ಹೊರಗಿಟ್ಟಿತು.

ಫೋಟೊ ನಿಯಮದ ಹತ್ತಿರ ನಾವು ಸ್ವಲ್ಪ ನಿಲ್ಲಬೇಕು, ನಮ್ಮ ಕಸುಬಿಗೆ ಬಡಿಯುವುದು ಅದೇ. ಈ ಊರಿಗೆ ಹೆಸರಾಂತ ಬರಹಗಾರರು ಬಂದಿದ್ದಾರೆ. ಡೇಮಿಯನ್ ತೀರಿಕೊಂಡ ಮುಂದಿನ ತಿಂಗಳೇ, 1889ರ ಮೇನಲ್ಲಿ, ರಾಬರ್ಟ್ ಲೂಯಿ ಸ್ಟೀವನ್ಸನ್ ಬಂದು ವಾರದಷ್ಟು ಇದ್ದ. ಹೆಣ್ಣುಮಕ್ಕಳ ವಸತಿಗೃಹದಲ್ಲಿ ಕ್ರೋಕೆ ಆಟ ಹೇಳಿಕೊಟ್ಟ, ಕೈಗವಸು ಹಾಕಿಕೊಳ್ಳಲು ಒಪ್ಪಲಿಲ್ಲ, ಹೋದ ಮೇಲೆ ಆ ಮಕ್ಕಳಿಗೆ ಒಂದು ಪಿಯಾನೊ ಕಳಿಸಿದ. 1907ರಲ್ಲಿ ಬಂದ ಜ್ಯಾಕ್ ಲಂಡನ್, ಜುಲೈ 4ರ ಹಬ್ಬದ ಕುದುರೆ ಪಂದ್ಯ ನೋಡಿ, ಇಲ್ಲಿಯ ಬದುಕು ಲೋಕ ಹೇಳುವಷ್ಟು ಘೋರವಲ್ಲ ಎಂದು ಒಳ್ಳೆಯ ವರದಿ ಬರೆದ. 1909ರಲ್ಲಿ ಕೊವೊಲಾವ್‌ನ ಬಗ್ಗೆ ಒಂದು ಕತೆ ಪ್ರಕಟಿಸಿದ. ಅದರಲ್ಲಿ ರೋಗಿಗಳ ಮುಖ, ಕೈ, ಕಾಲುಗಳ ವರ್ಣನೆ ಮನುಷ್ಯರದ್ದಲ್ಲ ಎನ್ನುವ ಹಾಗಿದೆ. ಕಣ್ಣಾರೆ ಕಂಡದ್ದೊಂದು, ಮಾರಾಟವಾಗುವುದು ಇನ್ನೊಂದು ಎಂದು ಅವನಿಗೆ ತಿಳಿದಿತ್ತು ಅಂತ ನಮ್ಮ ಅನಿಸಿಕೆ. ಜಗತ್ತಿನಲ್ಲಿ ಓಡಿದ್ದು ಎರಡನೆಯದೇ. 2006ರಲ್ಲಿ ಜಾನ್ ಟೇಮನ್ ಎಂಬ ಅಮೆರಿಕದ ಲೇಖಕ ಈ ಊರಿನ ಬಗ್ಗೆ ದೊಡ್ಡ ಪುಸ್ತಕ ಬರೆದಾಗ ಅಲ್ಲಿಯ ನಿವಾಸಿಗಳಲ್ಲಿ ಕೆಲವರು ತಮ್ಮನ್ನು ಚಿತ್ರಿಸಿದ ರೀತಿಯನ್ನು ಬಹಿರಂಗವಾಗಿಯೇ ವಿರೋಧಿಸಿದರು. ಅಷ್ಟು ಹೊತ್ತಿಗೆ ಅವರಲ್ಲೇ ಬರೆಯುವವರು ಇದ್ದರು. ಒಲಿವಿಯಾ ಬ್ರೈತಾ 1988ರಲ್ಲೇ ತಮ್ಮ ಗಡೀಪಾರಿನ ಬದುಕನ್ನು ಪುಸ್ತಕ ಮಾಡಿದ್ದರು.

ಲಿಖಿತ ಒಪ್ಪಿಗೆ ಎಂಬ ನಿಯಮವನ್ನು ನಮ್ಮ ಕಡೆಗೆ ತಿರುಗಿಸಿದರೆ? ಗಾಂಧೀಜಿ ಹುತಾತ್ಮರಾದ ಜನವರಿ 30 ನಮ್ಮಲ್ಲಿ ಕುಷ್ಠರೋಗ ನಿರ್ಮೂಲನಾ ದಿನ. ಆಗ ಸ್ಪರ್ಶ್ ಆಂದೋಲನದ ಪ್ರತಿಜ್ಞೆಯನ್ನು ಗ್ರಾಮಸಭೆಗಳಲ್ಲಿ ಓದುತ್ತಾರೆ. ತಾಲ್ಲೂಕು ಸುದ್ದಿಗೆ ಫೋಟೊ ಬೇಕು ಎಂದಾಗ ಹೋಗುವುದು ಮಡಚಿದ ಬೆರಳುಗಳ ಫೋಟೊ, ಹೆಸರಿಲ್ಲದ್ದು, ಒಪ್ಪಿಗೆ ಕೇಳದ್ದು. ಇವತ್ತು ಈ ರೋಗ ಶುರುವಾಗುವುದು ಸ್ಪರ್ಶ ತಿಳಿಯದ ಒಂದು ತಿಳಿ ಬಣ್ಣದ ಮಚ್ಚೆಯಿಂದ. ಬಹುಔಷಧಿ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಆರು ತಿಂಗಳಿಂದ ಒಂದು ವರ್ಷದಲ್ಲಿ ಗುಣ. ಬೇಗ ಬಂದವರ ಬೆರಳು ಮಡಚುವುದೇ ಇಲ್ಲ. ಬೆರಳಿನ ಫೋಟೊ ನೋಡಿದ ಓದುಗ ತನ್ನ ಬೆನ್ನಿನ ಮಚ್ಚೆಯನ್ನು ಅದಕ್ಕೆ ಹೋಲಿಸಿ, ನನ್ನದು ಇದಲ್ಲ ಎಂದುಕೊಂಡು ಸುಮ್ಮನಾಗುತ್ತಾನೆ. ಆ ಫೋಟೊ ಅವಮಾನವಷ್ಟೇ ಅಲ್ಲ, ಸುಳ್ಳು ಸುದ್ದಿ ಕೂಡ. ಜಗತ್ತಿನಲ್ಲಿ ವರ್ಷವರ್ಷ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಭಾರತದವರು ಎಂಬುದನ್ನು ನೆನೆದರೆ ಇದು ಸಣ್ಣ ವಿಷಯವಲ್ಲ.

ಕಾನೂನಿನಲ್ಲೂ ನಾವು ಹವಾಯಿಗಿಂತ ಮುಂದಿರಲಿಲ್ಲ. ಬ್ರಿಟಿಷರು 1898ರಲ್ಲಿ ತಂದ ಕುಷ್ಠರೋಗಿಗಳ ಕಾಯಿದೆ ರದ್ದಾದದ್ದು 2016ರಲ್ಲಿ. ಗಂಡನಿಗೋ ಹೆಂಡತಿಗೋ ಕುಷ್ಠವಿದೆ ಎಂಬುದು ವಿಚ್ಛೇದನಕ್ಕೆ ಕಾರಣವಾಗಿ ನಮ್ಮ ವೈಯಕ್ತಿಕ ಕಾನೂನುಗಳಲ್ಲಿ 2019ರವರೆಗೆ ಇತ್ತು. ಕೊಕುವಾಗಳ ಕಥೆ ಓದಿದ ಮೇಲೆ ಈ ಸಾಲು ಇನ್ನೂ ಚುಚ್ಚುತ್ತದೆ.

ಪದಗಳ ಬಗ್ಗೆಯೂ ಕಲೌಪಾಪಾದವರು ಜಗಳವಾಡಿದ್ದಾರೆ. ಇಂಗ್ಲಿಷಿನ ‘ಲೆಪರ್’ ಎಂಬ ಪದ ನಮಗೆ ಬೇಡ, ಹ್ಯಾನ್ಸನ್ ಕಾಯಿಲೆ ಎನ್ನಿ ಎಂದರು. ಕನ್ನಡದಲ್ಲಿ ನಾವು ಕುಷ್ಠರೋಗಿ, ಮಹಾರೋಗಿ ಎಂದು ಮನುಷ್ಯನನ್ನೇ ರೋಗದ ಹೆಸರಿನಿಂದ ಕರೆಯುತ್ತೇವೆ. ಗುಣವಾದ ಮೇಲೂ ಆ ಹೆಸರು ಬಿಡುವುದಿಲ್ಲ, ಅವರು ಇರುವ ಕಾಲೊನಿಗೂ ಅದೇ ಹೆಸರು, ಅಲ್ಲಿ ಹುಟ್ಟಿ ಆರೋಗ್ಯವಾಗಿ ಬೆಳೆದ ಮಕ್ಕಳ ವಿಳಾಸಕ್ಕೂ ಅದೇ. ಈ ಬರಹದಲ್ಲೂ ಹಳೆಯ ಕಾಯಿದೆಗಳ ಹೆಸರು ಹೇಳುವಾಗ ಆ ಪದ ಬಳಸಬೇಕಾಯಿತು. ಉಳಿದ ಕಡೆ ರೋಗ ಇದ್ದ ಕಾಲದ ಜನರನ್ನು ರೋಗಿಗಳು, ಆಮೇಲೆ ನಿವಾಸಿಗಳು ಎಂದಿದ್ದೇವೆ.

ಕಲೌಪಾಪಾದಲ್ಲಿ ಗಡೀಪಾರು ಕಂಡವರಲ್ಲಿ ಈಗ ಉಳಿದಿರುವವರು ಹತ್ತಕ್ಕಿಂತ ಕಡಿಮೆ, ಎಲ್ಲರೂ ವೃದ್ಧರು. ಕೊನೆಯವರು ಹೋದ ಮೇಲೆ ಏನು ಎಂಬ ಚರ್ಚೆ ನಡೆದಿದೆ. ನೆಲದ ಒಂದು ಭಾಗ ಹವಾಯಿ ಮೂಲನಿವಾಸಿಗಳಿಗೆಂದು ಮೀಸಲಾದ ಇಲಾಖೆಯದ್ದು, ಅದು ತಮಗೆ ಮರಳಲಿ ಎನ್ನುವವರಿದ್ದಾರೆ. ನೂರರ ಮಿತಿ ಸಡಿಲಿಸಿದರೆ ರೆಸಾರ್ಟಿನವರು ಬರುತ್ತಾರೆಂದು ಮೊಲೊಕಾಯಿಯ ಮೇಲ್ಭಾಗದ ಜನರ ಆತಂಕ. ಮಕ್ಕಳ ನಿಷೇಧ ತೆಗೆದರೆ ಒಂದು ಲಾಭವಿದೆ, ಮರಿಮಕ್ಕಳು ತಮ್ಮ ಹಿರಿಯರ ನೆಲ ನೋಡಬಹುದು. ನಮಗೂ ಅದು ಸರಿ ಅನ್ನಿಸುತ್ತದೆ. ಮಕ್ಕಳನ್ನು ಕಿತ್ತುಕೊಂಡ ಊರಿಗೆ ಆ ಮಕ್ಕಳ ಮಕ್ಕಳಾದರೂ ಬರಲಿ.

ಬರುವವರಿಗೆ ತೋರಿಸಲು ಗೋರಿಗಳು ಹೆಚ್ಚಿಲ್ಲ. ಸತ್ತವರಲ್ಲಿ ಬಹುಪಾಲು ಜನರ ಸಮಾಧಿಗೆ ಗುರುತೇ ಉಳಿದಿಲ್ಲ. ಮರದ ಶಿಲುಬೆಗಳು ಗೆದ್ದಲಿಗೆ ಹೋದವು, ಕಡಲು ಕೆಲವನ್ನು ಒಯ್ದಿತು. ಹಾಗಾಗಿ 2003ರಲ್ಲಿ ನಿವಾಸಿಗಳು ಮತ್ತು ವಂಶಸ್ಥರು ಸೇರಿ ‘ಕಾ ಒಹಾನಾ ಒ ಕಲೌಪಾಪಾ’ ಎಂಬ ಸಂಘ ಕಟ್ಟಿದರು. ಕಲೌಪಾಪಾದ ಕುಟುಂಬ ಎಂದು ಅದರ ಅರ್ಥ. ಹಳೆಯ ದಾಖಲೆಗಳನ್ನು ತಿರುವಿ ಒಂದೊಂದೇ ಹೆಸರು ಜೋಡಿಸುತ್ತಿದ್ದಾರೆ, ಅಜ್ಜಿ ಎಲ್ಲಿ ಹೋದಳು ಎಂದೇ ತಿಳಿಯದೆ ಬೆಳೆದ ಮನೆಗಳವರಿಗೆ ಹುಡುಕಿ ಕೊಡುತ್ತಿದ್ದಾರೆ. ಆ ಎಂಟು ಸಾವಿರ ಹೆಸರುಗಳ ಸ್ಮಾರಕಕ್ಕೆ 2009ರಲ್ಲಿ ಅಮೆರಿಕದ ಕಾನೂನು ಅನುಮತಿ ಕೊಟ್ಟಿತು. ಆರಿಸಿದ ಜಾಗ ಕಲವಾವೊದಲ್ಲಿ, ಹಿಂದೆ ಹುಡುಗರ ವಸತಿಗೃಹವಿದ್ದಲ್ಲಿ, ಡೇಮಿಯನ್ ಚರ್ಚಿನ ಎದುರು ಬದಿ.